ನಿಂದೂ ಐತಲ್ಲ ಅದರಾಗ?

ನನ್ನ ಅಕ್ಕನ ಹಣ ತಿಂದವನು ಆ ಕಂಪನಿಯ ಮ್ಯಾನೇಜರ್ ಎಂದು ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ್ದರು. ತಿಂದವನು ನಾನು. ಅದು ಮೋಸ ಎಂದು ಗೊತ್ತಾದ ಮೇಲೆ — ಗೊತ್ತಾಗುವ ಮೊದಲಲ್ಲ, ಗೊತ್ತಾದ ಮೇಲೆ — ಅವಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಅದರೊಳಗೆ ನೂಕಿದೆ. ಅವಳು ಕಟ್ಟಿದ ಹಣದಲ್ಲಿ ನನ್ನ ಹಣ ನನಗೆ ವಾಪಸು ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಮುಂದೆ ಸುತ್ತಿಬಳಸಿ ಹೇಳಲು ಹೋದರೆ ಅರ್ಧ ದಾರಿಯಲ್ಲಿ ನನಗೆ ನನ್ನ ಮೇಲೇ ಕನಿಕರ ಬಂದುಬಿಡುತ್ತದೆ. ಆ ಚಾಳಿ ನನಗಿದೆ.

ನಾನು ಬೆಳಗಾವಿಯ ವಡಗಾವಿಯವನು, ನೇಕಾರ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗ, ಹಿಂದಿನ ಕೋಣೆಯಲ್ಲಿ ನಾನು, ಹೆಂಡತಿ ಶಾಂತಾ, ಮಗಳು. ನಮ್ಮ ಕೆಲಸದ ರೀತಿ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಸಾವಕಾರ ನೂಲು ಕೊಡುತ್ತಾನೆ, ನಾವು ಸೀರೆ ನೇಯ್ದು ಕೊಡುತ್ತೇವೆ, ಶನಿವಾರ ಹೋಗಿ ಮಜೂರಿ ತರುತ್ತೇವೆ. ಆ ಸೀರೆ ಯಾವ ಪೇಟೆಗೆ ಹೋಯಿತು, ಯಾರು ಉಟ್ಟರು, ಎಷ್ಟಕ್ಕೆ ಹೋಯಿತು — ಕೇಳುವ ರೂಢಿಯೇ ಇಲ್ಲ. ನನ್ನ ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಾಲು ತಗೊಂಡರು, ಮಜೂರಿ ಕೊಟ್ಟರು, ಮುಗಿಯಿತು.

ಈ ರೂಢಿಯೊಳಗೇ ಆ ಮನುಷ್ಯ ಬಂದು ಕುಳಿತ.

ಶಿವಬಸವ ನಗರದಲ್ಲಿ ಒಂದು ಮಹಡಿ ಬಾಡಿಗೆ ಹಿಡಿದು, ಗಾಜಿನ ಬಾಗಿಲು ಹಾಕಿಸಿ, ಆಫೀಸು ಮಾಡಿದ್ದ. ಎಲ್ಲರೂ ಅವನನ್ನು ಮ್ಯಾನೇಜರ್ ಎಂದೇ ಕರೆಯುತ್ತಿದ್ದರು. ಮರಾಠಿಯವರ ಹತ್ತಿರ ಮರಾಠಿ, ನಮ್ಮ ಹತ್ತಿರ ಕನ್ನಡ, ಎರಡೂ ನೀರಿನಂತೆ. ದೇವರ ದೀಪದ ಬತ್ತಿ ಹೊಸೆಯುವ ಸಣ್ಣ ಯಂತ್ರ ತೋರಿಸಿದ. ಯಂತ್ರಕ್ಕೆ ನಾವು ಡಿಪಾಜಿಟ್ ಕಟ್ಟಬೇಕು. ಹತ್ತಿ ಅವನೇ ಕೊಡುತ್ತಾನೆ, ಬತ್ತಿ ಅವನೇ ಒಯ್ಯುತ್ತಾನೆ. ನಮ್ಮ ಓಣಿಗೆ ಬಂದು ಅವನು ಹೇಳಿದ್ದು ಇಷ್ಟು: "ಹತ್ತಿ ನಮ್ದು, ಕೈ ನಿಮ್ದು. ಶನಿವಾರ ಮಜೂರಿ. ಮಾರೂ ಚಿಂತಿ ನಿಮಗ ಬ್ಯಾಡ."

ಬೇರೆ ಯಾವ ಓಣಿಯಲ್ಲಾದರೂ ಯಾರಾದರೂ ಒಬ್ಬ ಕೇಳುತ್ತಿದ್ದ — ಇಷ್ಟು ಬತ್ತಿ ಯಾರಿಗೆ ಮಾರುತ್ತೀಯಪ್ಪಾ ಎಂದು. ನಾವು ಕೇಳಲಿಲ್ಲ. ನಮಗೆ ಅದು ನಮ್ಮದೇ ಕಸುಬಿನ ಮಾತಾಗಿ ಕೇಳಿಸಿತು. ಒಂದೇ ಒಂದು ಕಡೆ ಅದು ಉಲ್ಟಾ ಇತ್ತು. ನಮ್ಮ ಸಾವಕಾರರು ಕೆಲಸಕ್ಕೆ ಕಟ್ಟಿಹಾಕಲು ನಮಗೇ ಮುಂಗಡ ಕೊಡುತ್ತಾರೆ. ಇವನು ಕೆಲಸ ಕೊಡಲು ನಮ್ಮಿಂದಲೇ ಮುಂಗಡ ತೆಗೆದುಕೊಂಡ. ಕೆಲಸ ಕೊಡುವವನು ಕೆಲಸಗಾರನಿಂದ ಹಣ ಇಸಿದುಕೊಳ್ಳುವುದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಈಗ ನೋಡಿದೆ, ಆದರೂ ನನಗೆ ಏನೂ ಅನ್ನಿಸಲಿಲ್ಲ. ಅವನು ಹೇಳಿದ ಮಜೂರಿ ಸೀರೆಯ ಮಜೂರಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತಲ್ಲ, ಕಣ್ಣು ಅಲ್ಲಿತ್ತು.

ಡಿಪಾಜಿಟ್ಟಿಗೆ ನನ್ನ ಹತ್ತಿರ ಹಣವಿರಲಿಲ್ಲ. ಎರಡು ಮಗ್ಗಗಳಲ್ಲಿ ಒಂದನ್ನು ಗುಜರಿಯವನಿಗೆ ತೂಕದ ಮೇಲೆ ಕೊಟ್ಟೆ. ಅಪ್ಪ ನಿಂತು ನೇಯ್ದ ಮಗ್ಗ. ಅದನ್ನು ಬಿಚ್ಚಿ ಟೆಂಪೋದಲ್ಲಿ ಹಾಕುವಾಗ ಶಾಂತಾ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಸಾಲದ್ದಕ್ಕೆ ಅವಳ ಬಂಗಾರವನ್ನೂ ಅಡವಿಟ್ಟೆ. ಯಂತ್ರ ಬಂತು, ಬತ್ತಿ ಹೊಸೆದೆವು. ಶಾಂತಾ ಬತ್ತಿಯ ಕಟ್ಟುಗಳನ್ನು ಸೀರೆಯ ಅಂಚಿನಲ್ಲಿ ಉಳಿದ ಗುಲಾಬಿ ನೂಲಿನಿಂದ ಕಟ್ಟುತ್ತಿದ್ದಳು. ಉಳಿದ ಮನೆಗಳವರು ರಬ್ಬರ್ ಹಾಕುತ್ತಿದ್ದರು, ನಮ್ಮ ಮನೆಯಲ್ಲಿ ಅಂಚಿನ ನೂಲಿಗೇನು ಬರ. ಮೊದಲ ಕೆಲವು ಶನಿವಾರ ಮಜೂರಿ ಸರಿಯಾಗಿ ಕೈಸೇರಿತು. ನಾನು ಎದೆಯುಬ್ಬಿಸಿ ಓಣಿಯಲ್ಲಿ ಓಡಾಡಿದೆ.

ಒಂದು ದಿನ ಹತ್ತಿ ಮುಗಿದಿತ್ತು. ಆಫೀಸಿನ ಗಾಡಿ ಬರುವುದು ತಡವಾಯಿತು. ಕಾಯುವುದೇಕೆ ಎಂದು ನಾನೇ ಊರ ಹೊರಗಿನ ಅವರ ಗೋದಾಮಿಗೆ ಹೋದೆ. ಮುಂದೆ ಹತ್ತಿಯ ಚೀಲಗಳಿದ್ದವು. ಅಲ್ಲಿದ್ದ ಆಳು ಊಟಕ್ಕೆ ಹೋಗಿದ್ದ. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು, ಇಣುಕಿದೆ —

ನೆಲದಿಂದ ಛಾವಣಿಯವರೆಗೆ ಬತ್ತಿ. ಚೀಲದ ಮೇಲೆ ಚೀಲ. ಕೆಳಗಿನ ಒಂದು ಚೀಲವನ್ನು ಇಲಿ ಕಡಿದು, ಕಟ್ಟುಗಳು ಹೊರಗೆ ಚೆಲ್ಲಿದ್ದವು. ಗುಲಾಬಿ ನೂಲಿನ ಕಟ್ಟುಗಳು. ನನ್ನ ಹೆಂಡತಿಯ ಗಂಟು ನನಗೆ ಗೊತ್ತಾಗದೆ ಇರುತ್ತದೆಯೇ? ನಾವು ಮೊಟ್ಟಮೊದಲ ವಾರ ಕೊಟ್ಟ ಮಾಲು ಅದು. ಹೊಸೆದ ಬತ್ತಿಗಳಲ್ಲಿ ಒಂದೂ ಯಾವ ದೇವರ ಮುಂದೆಯೂ ಉರಿದಿರಲಿಲ್ಲ. ಯಾರೂ ಕೊಂಡಿರಲಿಲ್ಲ, ಮಾರುವ ವಿಚಾರವೂ ಯಾರಿಗೂ ಇರಲಿಲ್ಲ. ಹಾಗಾದರೆ ಶನಿವಾರದ ಮಜೂರಿ ಎಲ್ಲಿಂದ ಬರುತ್ತಿತ್ತು ಎಂದು ನಾನು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ. ನಮ್ಮ ಹಿಂದೆ ಬಂದು ಡಿಪಾಜಿಟ್ ಕಟ್ಟಿದವರದು. ಅವರಿಗೆ ಕೊಡುವುದು ಅವರ ಹಿಂದೆ ಬಂದವರದು. ಹಿಂದೆ ಬರುವವರು ನಿಂತ ದಿನ ಎಲ್ಲವೂ ನಿಲ್ಲುತ್ತದೆ.

ಇದು ಗೊತ್ತಾದಾಗ ನಾನು ಓಣಿಗೆ ಓಡಿಬಂದು ಕೂಗಬೇಕಿತ್ತು. ಅಲ್ಲವೇ? ನೀವಾದರೆ ಹಾಗೆ ಮಾಡುತ್ತಿದ್ದಿರಿ ಎಂದುಕೊಳ್ಳುತ್ತೇನೆ. ನಾನು ನೇರ ಶಿವಬಸವ ನಗರದ ಆಫೀಸಿಗೆ ಹೋಗಿ, ಗಾಜಿನ ಬಾಗಿಲು ಹಾಕಿಕೊಂಡು, ನನ್ನ ಹಣ ಕೊಡು ಎಂದೆ. ನನ್ನ ಹಣ. ಓಣಿಯದಲ್ಲ.

ಮ್ಯಾನೇಜರ್ ಗಾಬರಿಯಾಗಲಿಲ್ಲ. ಚಹಾ ತರಿಸಿದ. "ಕುಂದರ್ರಿ, ಕುಂದರ್ರಿ. ನೋಡಿದ್ರಿ, ಆತು. ಈಗ ಹೊರಗ ಹೋಗಿ ಒದರಿದ್ರಂದ್ರ ನಾಳೆ ಈ ಬಾಗಲಾ ಬಂದ್. ನಿಮ್ಮ ರೊಕ್ಕಾನೂ ಒಳಗ, ಎಲ್ಲಾರದೂ ಒಳಗ," ಎಂದ. ಚಹಾ ಗುಟುಕರಿಸಿ, ದನಿ ಇಳಿಸಿ ಹೇಳಿದ: "ಒಬ್ಬರನ್ನ ಕರಕೊಂಡು ಬರ್ರಿ. ಅವರು ತುಂಬಿದ ದಿನಾನ ನಿಮ್ದು ನಿಮ್ಮ ಕೈಯಾಗ."

ಆ ಚಹಾವನ್ನು ನಾನು ಪೂರ್ತಿ ಕುಡಿದೆ.

ಒಬ್ಬರು ಎಂದರೆ ಯಾರು? ಓಣಿಯಲ್ಲಿ ಕೈಯಲ್ಲಿ ಹಣವಿದ್ದವರೆಲ್ಲ ಆಗಲೇ ಒಳಗಿದ್ದರು. ಸಿಟಿ ಬಸ್ಸಿನಲ್ಲಿ ಕುಳಿತು ಒಬ್ಬೊಬ್ಬರನ್ನೇ ನೆನೆಸಿಕೊಂಡು ಬಿಡುತ್ತಾ ಬಂದೆ. ಮನೆ ಮುಟ್ಟುವ ಹೊತ್ತಿಗೆ ಒಂದೇ ಹೆಸರು ಉಳಿದಿತ್ತು. ನನ್ನ ಅಕ್ಕ ಗಂಗವ್ವ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳನ್ನು ಹಲಸಿ ಎಂಬ ಊರಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಖಾನಾಪುರಕ್ಕೆ ಬಂದು, ಸ್ಟೇಷನ್ ರಸ್ತೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ಖಾನಾವಳಿ ಹಾಕಿದಳು. ಲಾರಿಯವರು, ಕಚೇರಿಯವರು, ಕಾಲೇಜಿನ ಮಾಸ್ತರರು ಅಲ್ಲಿಗೇ ಬರುತ್ತಿದ್ದರು. ಮರಾಠಿ ಮಂದಿ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಬೆಂಕಿಯ ಮುಂದೆ ಕುಳಿತು ರೊಟ್ಟಿ ಬಡಿದು ಬಡಿದು ಹಣ ಕೂಡಿಟ್ಟಿದ್ದಳು, ಆ ಖೋಲಿಯನ್ನೇ ಕೊಳ್ಳಲು. ಖೋಲಿಯ ಮಾಲಕರು ವಯಸ್ಸಾದ ಜೈನ ವ್ಯಾಪಾರಿ. ಹೊರಗಿನವರು ಹೆಚ್ಚು ಕೊಡುತ್ತೇವೆಂದರೂ, "ಗಂಗವ್ವ ಕೇಳ್ಯಾಳ, ಆಕಿಗೇ ಕೊಡಾಂವ," ಎಂದು ಕುಳಿತಿದ್ದರು. ದೀಪಾವಳಿಯ ಹೊತ್ತಿಗೆ ಕಾಗದ ಮಾಡಿಸುವುದೆಂದು ಮಾತಾಗಿತ್ತು. ಬಾಡಿಗೆಯಿಲ್ಲದ ನಾಲ್ಕು ಗೋಡೆ, ಬಾಗಿಲ ಮೇಲೆ ತನ್ನ ಹೆಸರು. ಅಕ್ಕ ಆಸೆಪಟ್ಟು ಕೇಳಿದ್ದು ಇದೊಂದನ್ನೇ ಅನ್ನಿಸುತ್ತದೆ.

ಮರುದಿನ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಮಧ್ಯಾಹ್ನದ ಊಟದ ಗದ್ದಲ ಮುಗಿಯುವವರೆಗೆ ಮೂಲೆಯ ಬೆಂಚಿನಲ್ಲಿ ಕುಳಿತಿದ್ದೆ. ಬಂದವರೆಲ್ಲರಿಗೂ ಅಕ್ಕ, "ಇಂವ ನನ್ನ ತಮ್ಮ, ಬಸು," ಎಂದು ತೋರಿಸುತ್ತಿದ್ದಳು. ಗದ್ದಲ ಇಳಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಕುಳಿತಳು. ಮ್ಯಾನೇಜರ್ ನನಗೆ ಹೇಳಿದ್ದನ್ನೆಲ್ಲ ನಾನು ಅವಳಿಗೆ ಹೇಳಿದೆ, ಅವನಿಗಿಂತ ಚೆನ್ನಾಗಿಯೇ ಹೇಳಿದೆ. ಆರು ತಿಂಗಳು ಹಾಕು, ಖೋಲಿಯ ಜೊತೆ ಅದರ ಮೇಲೊಂದು ಮಾಳಿಗೆಯೂ ಆಗುತ್ತದೆ ಎಂದೆ. ಮಾಳಿಗೆಯ ಮಾತು ನನ್ನದು, ಆಗಷ್ಟೇ ಹೊಳೆದದ್ದು.

ಅವಳು ಕಂಪನಿಯ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಬತ್ತಿ ಯಾರು ಕೊಳ್ಳುತ್ತಾರೆಂದೂ ಕೇಳಲಿಲ್ಲ. ನನ್ನ ಮುಖ ನೋಡಿ ಒಂದೇ ಒಂದು ಮಾತು ಕೇಳಿದಳು.

"ನಿಂದೂ ಐತಲ್ಲ ಅದರಾಗ?"

"ಐತಿ, ಅಕ್ಕ."

ಸುಳ್ಳೇನಲ್ಲ. ಆ ಗಳಿಗೆಯಲ್ಲಿ ನನ್ನದೂ ಅದರಲ್ಲಿತ್ತು. ಅವಳು ಕಟ್ಟಿದ ದಿನ ಇರಲಿಲ್ಲ. ಈ ಲೆಕ್ಕ ಹಾಕಿ ಹಾಕಿ ಎಷ್ಟೋ ದಿನ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ — ನಾನು ಸುಳ್ಳು ಹೇಳಲಿಲ್ಲವಲ್ಲ, ಎಂದು. ಎಂಥ ನೀಚ ಸಮಾಧಾನ ನೋಡಿ.

ಮಾಲಕರು ಅವಳಿಗೆ ಬೇಡವೆಂದೇ ಹೇಳಿದ್ದರಂತೆ. "ಗಂಗವ್ವಾ, ಕೂಡಿಟ್ಟ ರೊಕ್ಕ ಹಿಂಗ ಹಾಕಬಾರದು. ಒಂದೀಟು ವಿಚಾರ ಮಾಡು." ಅದಕ್ಕೆ ಅವಳು, "ಬ್ಯಾರೇದವರು ಹೇಳಿದ್ರ ವಿಚಾರ ಮಾಡತಿದ್ನಿರಿ. ನನ್ನ ತಮ್ಮ ಹೇಳ್ಯಾನ," ಎಂದಳಂತೆ. ಇದನ್ನು ಅವಳೇ ನನಗೆ ನಗುತ್ತಾ ಹೇಳಿದಳು, ಹಣ ಕಟ್ಟಿ ಆ ಗಾಜಿನ ಬಾಗಿಲಿನಿಂದ ಹೊರಗೆ ಬರುವಾಗ. ಅವಳನ್ನು ಖಾನಾಪುರದ ಬಸ್ಸಿಗೆ ಹತ್ತಿಸಿ, ನಾನು ಮತ್ತೆ ಆ ಮೆಟ್ಟಿಲು ಹತ್ತಿದೆ. ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ. ಅಕ್ಕನ ಹಣಕ್ಕೆ ಅವಳು ಸುತ್ತಿದ್ದ ಹಳೆಯ ಸೀರೆಯ ತುಂಡು ಇನ್ನೂ ಮೇಜಿನ ಮೇಲೆ ಬಿದ್ದಿತ್ತು.

ಆ ಹಣದಿಂದ ಶಾಂತಾಳ ಬಂಗಾರ ಬಿಡಿಸಿದೆ. ಸೆಕೆಂಡ್‌ಹ್ಯಾಂಡ್ ಮಗ್ಗ ತಂದು, ಖಾಲಿಯಿದ್ದ ಜಾಗದಲ್ಲಿ ನಿಲ್ಲಿಸಿದೆ. ಓಣಿಯವರಿಗೆ ಸೊಸೈಟಿ ಸಾಲ ಎಂದೆ. ಶಾಂತಾಳಿಗೆ, ಯಂತ್ರ ಕೆಟ್ಟಿದ್ದಕ್ಕೆ ಡಿಪಾಜಿಟ್ ವಾಪಸು ಕೊಟ್ಟರು, ಯಾರಿಗೂ ಹೇಳಬೇಡ ಎಂದೆ. "ಅಕ್ಕಾರದು?" ಎಂದಳು. "ಅವರದೂ ಬರತೈತಿ," ಎಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನ ಹೆಂಡತಿ ಮತ್ತೆ ಕೇಳುವುದಿಲ್ಲ ಎಂದರೆ ನಂಬಿದ್ದಾಳೆ ಎಂದಲ್ಲ.

ಕೆಲವೇ ವಾರಗಳಲ್ಲಿ ಕಂಪನಿ ಮುಳುಗಿತು. ಗಾಜಿನ ಬಾಗಿಲಿಗೆ ಬೀಗ, ಮ್ಯಾನೇಜರನ ಫೋನು ಬಂದ್. ಓಣಿಯ ಹೆಂಗಸರು ಆ ಮೆಟ್ಟಿಲ ಮೇಲೆ ಕುಳಿತು ಅತ್ತರು. ಸುದ್ದಿ ಕೇಳಿ ಅಕ್ಕ ಸಂಜೆಯ ಬಸ್ಸಿಗೆ ವಡಗಾವಿಗೆ ಬಂದಳು. ಅವಳು ಬೈಯುತ್ತಾಳೆ, ಬೈದರೆ ತಲೆತಗ್ಗಿಸಿ ನಿಲ್ಲಬೇಕು ಎಂದು ನಾನು ಸಿದ್ಧನಾಗಿ ಕುಳಿತಿದ್ದೆ. ಬೈದಿದ್ದರೆ ಅಂದೇ ಬಾಯಿಬಿಡುತ್ತಿದ್ದೆನೇನೋ — ಇಲ್ಲ, ಇದೂ ನೆಪವೇ. ಅವಳು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ತಲೆ ತನ್ನ ಹೊಟ್ಟೆಗೆ ಅವಚಿಕೊಂಡು ಅತ್ತಳು. "ನಿಂದೂ ಹೋತಲ್ಲೋ, ಬಸು. ನಂದು ಹೋದ್ರ ಹೋಗವಲ್ದ್ಯಾಕ, ನಾ ಒಬ್ಬಾಕಿ. ನಿನಗ ಮಗಳದಾಳ."

ನಾನೂ ಅತ್ತೆ. ಅವಳು ಅದನ್ನು ಹಣ ಹೋದ ಅಳು ಎಂದುಕೊಂಡಳು.

ಆಮೇಲೆ ಏನೇನು ನಾಟಕವಾಡಿದೆ, ಹೇಳಿದರೆ ಬಾಯಿ ಕಹಿಯಾಗುತ್ತದೆ. ಪೊಲೀಸ್ ಠಾಣೆಗೆ ದೂರು ಕೊಡಲು ಎಲ್ಲರೂ ಹೋದಾಗ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಮೋಸಹೋದವರ ಸಾಲಿನಲ್ಲಿ ಅವಳ ಹಿಂದೆ ನಿಂತು ನನ್ನ ಹೆಸರನ್ನೂ ಬರೆಸಿದೆ. ದೀಪಾವಳಿ ಬಂತು, ಹೋಯಿತು. ಮಾಲಕರು ಇನ್ನಷ್ಟು ದಿನ ಕಾದರು, ಪಾಪ, ಅವರಿಗೂ ಅವಸರವಿತ್ತು. ಖೋಲಿ ಬೇರೆಯವರಿಗೆ ಹೋಯಿತು. ಈಗ ಅಲ್ಲಿ ಮೊಬೈಲ್ ಅಂಗಡಿ. ಅಕ್ಕ ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಬ್ಬರ ಖಾನಾವಳಿಯಲ್ಲಿ ಚಪಾತಿ ಲಟ್ಟಿಸುತ್ತಾಳೆ. ಒಂದು ಕಾಲಕ್ಕೆ ತನ್ನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವಳು ಈಗ ಶನಿವಾರ ಕೈಚಾಚಿ ಪಗಾರ ತೆಗೆದುಕೊಳ್ಳುತ್ತಾಳೆ. ಆ ಪಗಾರದಲ್ಲೂ ನಮ್ಮ ಮನೆಗೆ ಬರುವಾಗ ಬರಿಗೈಯಲ್ಲಿ ಬಂದವಳಲ್ಲ. ಕಟಿರೊಟ್ಟಿ, ಶೇಂಗಾ ಚಟ್ನಿ, ಮಗಳಿಗೆ ಒಂದು ಕುಪ್ಪಸ. "ನೀವು ಕಷ್ಟದಾಗ ಅದೀರಿ," ಎನ್ನುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅವಳ ಹಣದ ಮಗ್ಗ ಖಡಾಖಡಾ ಎನ್ನುತ್ತಿತ್ತು. ಆ ಸದ್ದಿಗೆ ಅವಳು ದನಿ ಎತ್ತಿ ಮಾತಾಡಬೇಕಾಗುತ್ತಿತ್ತು.

ವರ್ಷಗಳು ಹೀಗೇ ಕಳೆದವು. ಕಳೆಯುತ್ತವೆ, ಅದೇ ಭಯ. ನಾನು ಚೆನ್ನಾಗಿಯೇ ಉಂಡೆ, ಮಲಗಿದೆ, ಮಗಳನ್ನು ಓದಿಸಿದೆ. ನಿದ್ದೆ ಬರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾದೀತು.

ಅಷ್ಟೇ ಅಲ್ಲ. ಓಣಿಯಲ್ಲಿ ನಾನು ಮೋಸದ ವಿಷಯಕ್ಕೆ ಪಂಡಿತನಾದೆ. ಯಾವ ಹೊಸ ಸ್ಕೀಮು ಬಂದರೂ, "ಬಸಣ್ಣನ್ನ ಕೇಳ್ರಿ, ಅಂವ ಸುಟ್ಟುಕೊಂಡಾಂವ," ಎನ್ನುವರು. ಹೋದ ತಿಂಗಳು ಮೊಬೈಲಿನಲ್ಲಿ ಒಂದು ಬಂತು: ಹಣ ಹಾಕಿದರೆ ದಿನಾಲೂ ಲಾಭ ತೋರಿಸುತ್ತದಂತೆ. ಮಹಿಳಾ ಸಂಘದವರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ನಾಲ್ಕು ಮಾತು ಹೇಳಿ ಎಂದರು. ಅಂದು ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮುಂದೆಯೇ ಕುಳಿತಳು. ನಾನು ಬಹಳ ಚೆನ್ನಾಗಿ ಮಾತಾಡಿದೆ. ದುಡಿಮೆಗೆ ಮೀರಿದ ಲಾಭ ಎಂದರೆ ನಂಬಬೇಡಿ ಎಂದೆ. ಇವತ್ತೇ ಕಟ್ಟಿ, ನಾಳೆ ಸಿಗುವುದಿಲ್ಲ ಎಂದು ಅವಸರ ಮಾಡಿದರೆ ಎದ್ದು ಬನ್ನಿ ಎಂದೆ. ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ, ಉತ್ತರ ತಿಳಿಯದಿದ್ದರೆ ಕೊಡಬೇಡಿ ಎಂದೆ. ಅಕ್ಕ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಹೆಮ್ಮೆಯಿಂದ ನಕ್ಕಳು.

ಆಗ ಎದುರು ಮನೆಯ ಸೊಸೆ ಸುರೇಖಾ ಕೇಳಿದಳು. "ಕಾಕಾ, ನಿಮಗ ಮೋಸ ಅಂತ ಯಾವಾಗ ಗೊತ್ತಾತ್ರಿ?"

"ಬಾಗಲಾ ಹಾಕಿದ ಮ್ಯಾಲ ಗೊತ್ತಾತವಾ," ಎಂದೆ. ತಡವರಿಸಲೂ ಇಲ್ಲ.

ಅವಳು ನಿರಾಳವಾಗಿ ತಲೆಯಾಡಿಸಿದಳು. "ಹಂಗಾದ್ರ ಇದು ಅಂಥಾದ್ದಲ್ಲ ಬಿಡ್ರಿ. ನಮ್ಮ ಮೈದುನಾನ ಹಾಕ್ಯಾನ. ಅಂವನ ಹೇಳಿದ್ದು ನನಗ, ಹಾಕ್ರಿ ಅಂತ. ಅಂವಂದೂ ಐತಲ್ಲ ಅದರಾಗ."

ನಾನು ಕೊಟ್ಟ ಬುದ್ಧಿಮಾತಿನಲ್ಲಿ ಒಂದೂ ತಪ್ಪಿರಲಿಲ್ಲ, ಆದರೆ ಗೊತ್ತಿದ್ದ ಮುಖ್ಯ ಮಾತನ್ನೇ ನುಂಗಿದ್ದೆ. ಮೋಸ ಗಾಜಿನ ಬಾಗಿಲಿನ ಅಪರಿಚಿತನ ಕೈಯಿಂದ ನಮ್ಮ ಮನೆಗೆ ಬರುವುದಿಲ್ಲ. ಅವನು ಕರೆದರೆ ಯಾರು ಹೋಗುತ್ತಾರೆ? ನಮ್ಮವರ ಕೈಯಿಂದ ಬರುತ್ತದೆ. ಆ ನಮ್ಮವನಿಗೆ ಗೊತ್ತಿಲ್ಲದಿರಬಹುದು. ಗೊತ್ತಿದ್ದೂ ಇರಬಹುದು — ನನಗೆ ಗೊತ್ತಿದ್ದಂತೆ. ತನ್ನ ಹಣವೂ ಅದರಲ್ಲಿದೆ ಎನ್ನುವವನು ಅದನ್ನು ಹೊರಗೆ ತೆಗೆಯಲೆಂದೇ ನಮ್ಮನ್ನು ಒಳಗೆ ಕರೆಯುತ್ತಿರಬಹುದು. ಸುರೇಖಾಳಿಗೆ ಇದನ್ನು ಅಲ್ಲೇ ಹೇಳಬೇಕಿತ್ತು. ಅಕ್ಕ ಮುಂದೆ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಸುರೇಖಾಳಿಗೆ ಹೇಳಿದೆ. "ಮೈದುನ ಹಾಕ್ಯಾನೋ ಇಲ್ಲೋ ಕೇಳಬ್ಯಾಡವಾ. ಅಂವನ ರೊಕ್ಕ ಅಷ್ಟೂ ಇವತ್ತ ತಗದು ನಿನ್ನ ಮುಂದ ಇಡು ಅನ್ನು. ತಗೀಲಿಕ್ಕೆ ಬರತೈತೇನು ನೋಡು." ಅವಳು ಹುಬ್ಬು ಗಂಟಿಕ್ಕಿ, ಯಾಕೆ ಎಂದಳು. ಯಾಕೆ ಎಂಬುದನ್ನು ಅವಳಿಗಿಂತ ಮೊದಲು ಕೇಳಿಸಿಕೊಳ್ಳಬೇಕಾದವಳು ಖಾನಾಪುರದಲ್ಲಿದ್ದಳು. ಅಕ್ಕ ಬೆಳಗಿನ ಬಸ್ಸಿಗೇ ವಾಪಸು ಹೋಗಿದ್ದಳು. ಮುಂದಿನ ಬಸ್ಸು ಹಿಡಿದೆ.

ಬಸ್ ಸ್ಟ್ಯಾಂಡಿನ ಆ ಖಾನಾವಳಿಯ ಹಿತ್ತಲಿನಲ್ಲಿ, ನೀರಿನ ಡ್ರಮ್ಮಿನ ಬಾಜೂಕ, ಕಲ್ಲಿನ ಮೇಲೆ ಕುಳಿತು ಹೇಳಿದೆ. ಗೋದಾಮು, ಗುಲಾಬಿ ನೂಲು, ಚಹಾ, ಮೆಟ್ಟಿಲು, ಮಗ್ಗ — ಒಂದನ್ನೂ ಬಿಡಲಿಲ್ಲ. ಅಕ್ಕನ ಕೈಗೆ ಹಿಟ್ಟು ಮೆತ್ತಿತ್ತು. ಅವಳು ಅದನ್ನು ಬೆರಳಿನಿಂದ ಬೆರಳಿಗೆ ಉಜ್ಜುತ್ತಾ ಕೇಳಿದಳು. ನಡುವೆ ಒಂದೇ ಸಲ ತಲೆಯೆತ್ತಿದಳು. "ಠಾಣಾದಾಗ ನನ್ನ ಹಿಂದ ನಿಂತಿದ್ದಿ," ಎಂದಳು. ಹೂಂ ಎಂದೆ. ಮತ್ತೆ ತಲೆತಗ್ಗಿಸಿದಳು.

ಮಗ್ಗ ಮಾರಿ ಹಣ ತಂದುಕೊಡುತ್ತೇನೆ ಎಂದೆ. ತಲೆಯಾಡಿಸಿ ಬೇಡವೆಂದಳು. ವಾರದ ಮಜೂರಿಯಲ್ಲಿ ತಂದುಕೊಡುತ್ತೇನೆ ಎಂದೆ. ತರುತ್ತಿದ್ದೇನೆ. ಇಸಿದುಕೊಳ್ಳುತ್ತಾಳೆ, ಎಣಿಸುವುದಿಲ್ಲ. ಆ ಖೋಲಿ ಮಾತ್ರ ಮತ್ತೆ ಅವಳದಾಗುವುದಿಲ್ಲ, ಇದು ಇಬ್ಬರಿಗೂ ಗೊತ್ತು. ಸುರೇಖಾಳಿಗೂ ಯಾಕೆ ಎಂಬುದನ್ನು ಹೇಳಿದ್ದೇನೆ. ಸಂಘದ ಹೆಂಗಸರಿಗೂ ಹೇಳಿದೆ, ಅದೇ ಕಟ್ಟೆಯ ಮೇಲೆ ನಿಂತು. ಈಗ ಓಣಿಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಸರಿಯೇ ಇದೆ.

ಆ ಹಿತ್ತಲಿನಲ್ಲಿ ಅವಳು ಅಳುತ್ತಾಳೆ, ಇಲ್ಲವೇ ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಒಳಗಿನಿಂದ ಯಾರೋ, "ಮಾವಶಿ, ಚಪಾತಿ," ಎಂದು ಕೂಗಿದರು. ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಸಿಟ್ಟಿರಲಿಲ್ಲ. ಖರೇನೇ ಅರ್ಥವಾಗದೆ ಕೇಳಿದಳು.

"ನಂದು ಸಿಕ್ಕೊಂಡೈತಿ ಅಕ್ಕ ಅಂತ ಒಂದ ಮಾತು ಹೇಳಿದ್ದರ, ಆ ರೊಕ್ಕಾ ನಾನ ತಂದು ನಿನ್ನ ಕೈಯಾಗ ಇಡತಿದ್ದಿಲ್ಲೇನೋ?"

ಇಡುತ್ತಿದ್ದಳು. ಅಂದೂ ನನಗೆ ಅದು ಗೊತ್ತಿತ್ತು. ಬಾಯಿಬಿಟ್ಟು ಕೇಳಲು ನನಗೆ ನಾಚಿಕೆಯಾಗಿತ್ತು. ಮೋಸ ಮಾಡಲು ನಾಚಿಕೆಯಾಗಲಿಲ್ಲ.